ಹಿಡಿದು ಬಿಡುವುದು ದಯೆಯೆ?

ಪ್ರಾಣಿಹಿಂಸೆಯ ವಿಚಾರವು ಮನುಷ್ಯನ ಧರ್ಮಜಿಜ್ಞಾಸೆಯಷ್ಟೇ ಹಳೆಯದು. ಆಹಾರಕ್ಕಾಗಿ ಕೊಲ್ಲುವುದು, ಯಜ್ಞಕ್ಕಾಗಿ ಕೊಲ್ಲುವುದು, ಆತ್ಮರಕ್ಷಣೆಗಾಗಿ ಕೊಲ್ಲುವುದು, ವಿನೋದಕ್ಕಾಗಿ ಕೊಲ್ಲುವುದು ಎಂದು ಇದನ್ನು ವಿಂಗಡಿಸಿ, ಒಂದೊಂದರ ಗುಣದೋಷಗಳನ್ನು ಸ್ಮೃತಿಕಾರರೂ ದಾರ್ಶನಿಕರೂ ಕವಿಗಳೂ ತಮ್ಮ ತಮ್ಮ ರೀತಿಯಲ್ಲಿ ತೂಗಿ ನೋಡಿದ್ದಾರೆ. ಆದರೆ ಈ ವಿಂಗಡಣೆಯೊಳಗೆ ಸುಲಭವಾಗಿ ಸೇರದಿರುವ ಒಂದು ಕರ್ಮವು ಈಚಿನ ಕಾಲದಲ್ಲಿ ಲೋಕದ ಅನೇಕ ಕಡೆಗಳಲ್ಲಿ ಬಳಕೆಗೆ ಬಂದಿದೆ. ಅದೇನೆಂದರೆ, ಕೊಲ್ಲಬೇಕೆಂಬ ಉದ್ದೇಶವಾಗಲಿ ತಿನ್ನಬೇಕೆಂಬ ಆಸೆಯಾಗಲಿ ಇಲ್ಲದೆ, ಕೇವಲ ಹಿಡಿಯುವ ಸಂತೋಷಕ್ಕಾಗಿ ಮೀನನ್ನು ಗಾಳಕ್ಕೆ ಸಿಕ್ಕಿಸಿ, ಅದರೊಡನೆ ಹೋರಾಡಿ, ದಡಕ್ಕೆ ತಂದು, ಮತ್ತೆ ನೀರಿಗೆ ಬಿಟ್ಟುಬಿಡುವುದು. ಹೀಗೆ ಮಾಡುವವನು ತನ್ನನ್ನು ದಯಾವಂತನೆಂದೇ ಭಾವಿಸುತ್ತಾನೆ. ಕಂಡವರಲ್ಲಿ ಅನೇಕರು ಹಾಗೆಯೇ ಹೊಗಳುತ್ತಾರೆ. ಮತ್ತೆ ಕೆಲವರು, ಇವನಿಗಿಂತ ಕೊಂದು ತಿನ್ನುವ ಬೆಸ್ತನೇ ಮೇಲೆಂದು ವಾದಿಸುತ್ತಾರೆ. ಇವರಲ್ಲಿ ಯಾರ ಮಾತು ಸರಿ? ಹಿಡಿದು ಬಿಡುವುದು ದಯೆಯೆ, ಅಥವಾ ದಯೆಯ ವೇಷವನ್ನು ತೊಟ್ಟ ಕ್ರೌರ್ಯವೆ? ಇದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಧರ್ಮವಿಚಾರವು ನಿರಾಧಾರವಾಗಿ ಆಕಾಶದಲ್ಲಿ ನಡೆಯತಕ್ಕುದಲ್ಲ. ಕರ್ಮವು ಎಲ್ಲಿ, ಯಾವಾಗ, ಹೇಗೆ ನಡೆಯುತ್ತದೆಂಬುದನ್ನು ತಿಳಿಯದೆ ಅದರ ಗುಣದೋಷಗಳನ್ನು ಹೇಳುವುದು ರೋಗಿಯನ್ನು ನೋಡದೆ ಔಷಧವನ್ನು ಕೊಟ್ಟಂತಾಗುತ್ತದೆ. ಆದಕಾರಣ ಈ ಕ್ರೀಡೆಯು ಅತ್ಯಂತ ಪ್ರಸಿದ್ಧವಾಗಿರುವ ಒಂದು ಕಡಲತೀರವನ್ನು ಮೊದಲು ವರ್ಣಿಸಿ, ಆಮೇಲೆ ಪೂರ್ವಪಕ್ಷ ಸಿದ್ಧಾಂತಗಳಿಗೆ ಬರುವುದು ಯುಕ್ತವಾಗಿದೆ.

ಉತ್ತರ ಅಮೆರಿಕ ಖಂಡದ ಪಶ್ಚಿಮದ ಅಂಚಿನಿಂದ ದಕ್ಷಿಣಾಭಿಮುಖವಾಗಿ ಸುಮಾರು 1,200 ಕಿಲೋಮೀಟರುಗಳಷ್ಟು ಉದ್ದಕ್ಕೆ ಚಾಚಿಕೊಂಡಿರುವ ಬಾಹಾ ಕ್ಯಾಲಿಫೋರ್ನಿಯ ಎಂಬ ಪರ್ಯಾಯದ್ವೀಪವು ಮೆಕ್ಸಿಕೊ ದೇಶಕ್ಕೆ ಸೇರಿದುದು. ಅದರ ಪಶ್ಚಿಮಕ್ಕೆ ಶಾಂತಸಾಗರ. ಪೂರ್ವಕ್ಕೆ, ಅದಕ್ಕೂ ಮೆಕ್ಸಿಕೊವಿನ ಮುಖ್ಯಭೂಮಿಗೂ ನಡುವೆ, ಕ್ಯಾಲಿಫೋರ್ನಿಯ ಖಾರಿ ಅಥವಾ ಕೊರ್ಟೆಸನ ಸಮುದ್ರವೆಂಬ ಉದ್ದವಾದ ಒಳಗಡಲು. ಕರ್ಕಾಟಕ ಸಂಕ್ರಾಂತಿವೃತ್ತವು ಈ ಪರ್ಯಾಯದ್ವೀಪದ ದಕ್ಷಿಣದ ತುದಿಗೆ ಸ್ವಲ್ಪ ಉತ್ತರದಲ್ಲಿ ಹಾದುಹೋಗುತ್ತದೆ. ನೆಲವೆಲ್ಲ ಮುಳ್ಳುಗಳ್ಳಿಗಳಿಂದ ತುಂಬಿದ ಮರುಭೂಮಿ. ಅದರ ಕಾಲಬುಡದಲ್ಲಿ ಜೀವಸಮೃದ್ಧವಾದ ಕಡಲು. ಬರಡೂ ಸಮೃದ್ಧಿಯೂ ಹೀಗೆ ಒಂದರ ಪಕ್ಕದಲ್ಲೊಂದು ಕುಳಿತಿರುವ ತಾಣಗಳು ಲೋಕದಲ್ಲಿ ಹೆಚ್ಚಾಗಿಲ್ಲ. ಈ ಖಾರಿಯ ದ್ವೀಪಗಳನ್ನೂ ರಕ್ಷಿತಪ್ರದೇಶಗಳನ್ನೂ ಯುನೆಸ್ಕೊ ಸಂಸ್ಥೆಯವರು 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು.

ಈ ತೀರದಲ್ಲಿ ಮೀನು ಹಿಡಿಯುವವನ ಭಾಗ್ಯವೆಲ್ಲ ಗಾಳಿ, ಬಿಸಿಲು, ನೀರಿನ ಶಾಖ, ಭರತವಿಳಿತಗಳು ಇವುಗಳ ಕೈಯಲ್ಲಿದೆ. ಚಳಿಗಾಲದಲ್ಲಿ ಉತ್ತರದಿಂದ ಬೀಸುವ ಬಲವಾದ ಗಾಳಿ ಖಾರಿಯ ಉದ್ದಕ್ಕೂ ಅಲೆಗಳನ್ನೆಬ್ಬಿಸಿ ದಿನಗಟ್ಟಲೆ ದೋಣಿಗಳನ್ನು ದಡದಲ್ಲಿ ಕೂರಿಸುತ್ತದೆ. ಆಗ ದಕ್ಷಿಣಭಾಗದ ನೀರಿನ ಶಾಖವು 20 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಇಳಿದಿರುತ್ತದೆ. ವಸಂತ ಕಳೆದು ಬೇಸಗೆ ಬಂದಂತೆ ಉತ್ತರದ ಗಾಳಿ ಅಡಗಿ, ಬೆಳಗಿನ ಹೊತ್ತು ಕಡಲು ಕನ್ನಡಿಯಂತಾಗುತ್ತದೆ. ನೀರು ಕಾಯುತ್ತ ಕಾಯುತ್ತ ಬೇಸಗೆಯ ಕೊನೆಗೆ 30 ಡಿಗ್ರಿಯನ್ನು ಮುಟ್ಟುತ್ತದೆ. ಆ ಕಾಲವೇ ಚಂಡಮಾರುತಗಳ ಕಾಲವೂ ಹೌದು. 2014ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಓಡೀಲ್ ಎಂಬ ಚಂಡಮಾರುತವು ಪರ್ಯಾಯದ್ವೀಪದ ತುದಿಯಲ್ಲಿರುವ ಕಾಬೊ ಸಾನ್ ಲೂಕಾಸಿನ ಬಳಿ ನೆಲವನ್ನು ಹೊಕ್ಕು ಊರುಗಳನ್ನು ಹಾಳುಮಾಡಿದುದು ಅಲ್ಲಿಯವರಿಗೆ ಇನ್ನೂ ನೆನಪಿನಲ್ಲಿದೆ. ಹಿತವಾದ ಶಾಖ, ತೆಳುವಾದ ಗಾಳಿ, ನೆತ್ತಿಯ ಮೇಲಿನ ಬಿಸಿಲು, ತಿಳಿಯಾದ ನೀರು ಇವು ನಾಲ್ಕೂ ಕೂಡಿ ಬರುವ ದಿನಗಳು ಬೇಸಗೆಯ ಮೊದಲಿನ ತಿಂಗಳುಗಳಲ್ಲಿ ಹೆಚ್ಚು. ಆಗ ಚಿಕ್ಕ ಮೀನುಗಳ ಹಿಂಡುಗಳು ದಡದ ಸಮೀಪಕ್ಕೆ ಬರುತ್ತವೆ. ಅವುಗಳ ಬೆನ್ನಟ್ಟಿ ದೊಡ್ಡವು ಬರುತ್ತವೆ. ಬಲ್ಲವನು ನೀರಿನ ಮೇಲಣ ಸುಕ್ಕನ್ನೂ ಹಕ್ಕಿಗಳ ಹಾರಾಟವನ್ನೂ ನೋಡಿಯೇ ಕೆಳಗೆ ಏನು ನಡೆಯುತ್ತಿದೆಯೆಂದು ಹೇಳಬಲ್ಲನು.

ಆ ದೊಡ್ಡ ಮೀನುಗಳಲ್ಲಿ ಅತ್ಯಂತ ಮಾನ್ಯವಾದುದು ಹುಂಜಮೀನು. ಸ್ಪ್ಯಾನಿಷ್ ಭಾಷೆಯಲ್ಲಿಯೂ ಅದರ ಹೆಸರಿಗೆ ಇದೇ ಅರ್ಥ. ಬೆನ್ನಿನ ಮೇಲೆ ಏಳು ನೀಳವಾದ ಮುಳ್ಳುಗಳಿದ್ದು, ಬೇಟೆಯ ಆವೇಶದಲ್ಲಿ ಅವು ಹುಂಜದ ಜುಟ್ಟಿನಂತೆ ನಿಮಿರಿ ನೀರಿನಿಂದ ಮೇಲಕ್ಕೆ ಕಾಣಿಸುವುದರಿಂದ ಈ ಹೆಸರು ಬಂದಿದೆ. ತನ್ನ ಕುಟುಂಬದಲ್ಲಿ ಈಗ ಉಳಿದಿರುವ ಜಾತಿ ಅದೊಂದೇ. ಶಾಂತಸಾಗರದ ಪೂರ್ವತೀರದ ಬೆಚ್ಚನೆಯ ನೀರನ್ನು ಬಿಟ್ಟು ಬೇರೆಲ್ಲಿಯೂ ಅದು ಇಲ್ಲ. 1960ರಲ್ಲಿ ಲಾ ಪಾಸ್ ಎಂಬ ಊರಿನ ಬಳಿ ಗಾಳಕ್ಕೆ ಸಿಕ್ಕ ಒಂದು ಹುಂಜಮೀನು 114 ಪೌಂಡು, ಎಂದರೆ ಸುಮಾರು 52 ಕಿಲೋಗ್ರಾಂ ತೂಗಿತೆಂದು ದಾಖಲೆಯಿದೆ. ಇದರೊಡನೆ ಚಿನ್ನದ ಬಣ್ಣದ ಡೊರಾಡೊ, ಈಟಿಯಂತಹ ಮೂತಿಯ ಮಾರ್ಲಿನ್, ಹಾಯಿಯಂತಹ ರೆಕ್ಕೆಯ ಸೇಲ್‌ಫಿಶ್ ಮೊದಲಾದವೂ ಈ ಕಡಲಿನಲ್ಲಿ ಉಂಟು. ಇವುಗಳನ್ನೆಲ್ಲ ತೀರದಿಂದ 50 ನಾವಿಕ ಮೈಲಿಗಳೊಳಗೆ ವ್ಯಾಪಾರಕ್ಕಾಗಿ ಹಿಡಿಯಕೂಡದೆಂದೂ, ಅಷ್ಟರೊಳಗೆ ಇವು ಕ್ರೀಡೆಗೆ ಮಾತ್ರ ಮೀಸಲೆಂದೂ ಮೆಕ್ಸಿಕೊವಿನ 2007ರ ಮೀನುಗಾರಿಕೆಯ ಶಾಸನವು ವಿಧಿಸಿದೆ.

ಈ ಕ್ರೀಡೆಯಲ್ಲಿ ಅತಿ ಕಠಿನವೆಂದೂ ಅತಿ ಸೂಕ್ಷ್ಮವೆಂದೂ ಹೆಸರಾದುದು ಫ್ಲೈ ಎಂಬ ಗರಿಗಾಳದ ವಿದ್ಯೆ. ಕೊಕ್ಕೆಗೆ ಎರೆಹುಳುವನ್ನಾಗಲಿ ಮಾಂಸವನ್ನಾಗಲಿ ಸಿಕ್ಕಿಸದೆ, ಗರಿ ರೋಮ ನೂಲುಗಳನ್ನು ಸುತ್ತಿ ಒಂದು ಕೀಟದ ಅಥವಾ ಪುಟ್ಟ ಮೀನಿನ ಆಕಾರವನ್ನು ಮಾಡುತ್ತಾರೆ. ಅದಕ್ಕೆ ಭಾರವೇ ಇಲ್ಲದುದರಿಂದ ಕಲ್ಲಿನಂತೆ ಎಸೆಯಲಾಗುವುದಿಲ್ಲ. ದಾರಕ್ಕೇ ತೂಕವನ್ನು ಕೊಟ್ಟು, ಆ ದಾರವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ ಗುರಿಮುಟ್ಟಿಸಬೇಕು. ಕ್ರಿಸ್ತಶಕ 200ರ ಸುಮಾರಿನಲ್ಲಿದ್ದ ಈಲಿಯನ್ ಎಂಬ ರೋಮನ್ ಗ್ರಂಥಕರ್ತನು, ಮ್ಯಾಸಿಡೋನಿಯದ ಜನರು ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ ಹುಂಜದ ಗರಿಗಳೆರಡನ್ನು ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಬರೆದಿದ್ದಾನೆ. ಇಂಗ್ಲೆಂಡಿನ ಹೊಳೆಗಳಲ್ಲಿ ಶತಮಾನಗಳ ಕಾಲ ಬೆಳೆದ ಈ ವಿದ್ಯೆ ಇಪ್ಪತ್ತನೆಯ ಶತಮಾನದಲ್ಲಿ ಉಪ್ಪುನೀರಿಗೂ ಇಳಿಯಿತು. ಗಾಳಿ ಸ್ವಲ್ಪ ಹೆಚ್ಚಾದರೂ ದಾರ ತಿರುಚಿಕೊಳ್ಳುತ್ತದೆ. ಮೋಡ ಕವಿದರೆ ನೀರಿನೊಳಗಣ ಮೀನು ಕಾಣುವುದಿಲ್ಲ. ಎಲ್ಲವೂ ಅನುಕೂಲವಾಗಿ, ಹುಂಜಮೀನು ಎದುರಿಗೆ ಬಂದು, ಗರಿಗಾಳ ಅದರ ಮುಂದೆಯೇ ಬಿದ್ದರೂ, ಅದು ಹತ್ತಿರಕ್ಕೆ ಬಂದು ನೋಡಿ ತಿರಸ್ಕರಿಸಿ ಹೊರಟುಹೋಗುವುದೇ ಹೆಚ್ಚು. ಇಷ್ಟು ಕಷ್ಟಪಟ್ಟು ಹಿಡಿದುದನ್ನು ಆಟಗಾರನು ಕೊಲ್ಲುವುದಿಲ್ಲ. ಗಾಳವನ್ನು ಬಿಡಿಸಿ ನೀರಿಗೆ ಬಿಡುತ್ತಾನೆ. ಒಳ್ಳೆಯ ಮೀನನ್ನು ಒಂದೇ ಸಲ ಹಿಡಿದು ಮುಗಿಸುವುದು ದುಂದೆಂಬ ಅಭಿಪ್ರಾಯವನ್ನು ಅಮೆರಿಕದ ಲೀ ವುಲ್ಫ್ ಎಂಬವರು 1939ರಷ್ಟು ಹಿಂದೆಯೇ ಬರೆದು ಪ್ರಚಾರಕ್ಕೆ ತಂದರು.

ಇನ್ನು ಪೂರ್ವಪಕ್ಷಗಳನ್ನು ನೋಡಬಹುದು. ಬಿಡುವುದು ದಯೆಯೇ ಸರಿ ಎನ್ನುವವರ ವಾದ ಹೀಗೆ: ಕೊಂದ ಮೀನು ಹೋಯಿತು, ಬಿಟ್ಟ ಮೀನು ಬದುಕಿ ಮೊಟ್ಟೆಯಿಟ್ಟು ಸಂತತಿಯನ್ನು ಬೆಳೆಸುತ್ತದೆ. ಜೀವದ ಮೀನಿಗೆ ಬೆಲೆಯಿರುವುದರಿಂದಲೇ ಶಾಸನವು ಅದನ್ನು ಬಲೆಗಾರರಿಂದ ಕಾಯುತ್ತದೆ. ಪಂಗಾ ಎಂಬ ತಮ್ಮ ಚಿಕ್ಕ ದೋಣಿಗಳಲ್ಲಿ ಹಿಂದೆ ಬಲೆ ಬೀಸುತ್ತಿದ್ದವರ ಮಕ್ಕಳು ಇಂದು ಅವೇ ದೋಣಿಗಳಲ್ಲಿ ಆಟಗಾರರನ್ನು ಕರೆದೊಯ್ದು ಸಂಸಾರವನ್ನು ಸಾಕುತ್ತಾರೆ. ಬಲೆಯ ಗತಿಯನ್ನು ನೋಡಿರಿ: ಇದೇ ಖಾರಿಯ ಉತ್ತರಭಾಗದಲ್ಲಿ ವಾಕೀಟ ಎಂಬ ಪುಟ್ಟ ಕಡಲಹಂದಿ ಇದೆ. ಅದನ್ನು ಬೇಕೆಂದು ಹಿಡಿಯುವವರು ಯಾರೂ ಇಲ್ಲ. ಟೊಟೊವಾಬ ಎಂಬ ಬೇರೊಂದು ಮೀನಿಗಾಗಿ ಒಡ್ಡಿದ ಬಲೆಯಲ್ಲಿ ಸಿಕ್ಕಿ ಅದು ಸಾಯುತ್ತದೆ. 1997ರಲ್ಲಿ ಸುಮಾರು 570 ಇದ್ದುವೆಂದು ಲೆಕ್ಕಹಾಕಿದ ಆ ಪ್ರಾಣಿಗಳು 2018ರ ವೇಳೆಗೆ ಇಪ್ಪತ್ತಕ್ಕಿಂತ ಕಡಿಮೆಯಾದುವು. ಯಾವುದು ಸಿಕ್ಕರೂ ಕೊಲ್ಲುವ ಬಲೆಗಿಂತ, ಒಂದನ್ನೇ ಆರಿಸಿ ಹಿಡಿದು ಅದನ್ನೂ ಬಿಟ್ಟುಬಿಡುವ ಗರಿಗಾಳವು ಎಷ್ಟೋ ಮೇಲಲ್ಲವೆ?

ಎದುರುಪಕ್ಷದವರ ವಾದವೂ ದುರ್ಬಲವಾದುದಲ್ಲ. ಬೆಸ್ತನು ಹಸಿವಿಗಾಗಿ ಹಿಡಿಯುತ್ತಾನೆ. ಅವನ ಹಿಂಸೆಗೆ ಒಂದು ಪ್ರಯೋಜನವುಂಟು, ಆ ಪ್ರಯೋಜನವೇ ಅದಕ್ಕೆ ಒಂದು ಮಿತಿಯೂ ಆಗುತ್ತದೆ. ಹೊಟ್ಟೆ ತುಂಬಿದ ಮೇಲೆ ಹಿಡಿಯಬೇಕಾದುದಿಲ್ಲ. ಆಟಗಾರನಿಗಾದರೋ ಮಿತಿಯೇ ಇಲ್ಲ; ಬಿಡುವುದರಿಂದಲೇ ಅವನು ಒಂದು ದಿನದಲ್ಲಿ ಹತ್ತಾರನ್ನು ಹಿಡಿಯಬಲ್ಲನು. ಬಾಯಿಗೆ ಕೊಕ್ಕೆ ಚುಚ್ಚಿಕೊಂಡು ಪ್ರಾಣಭಯದಿಂದ ಓಡುವ ಒಂದು ಜೀವದ ಓಟವೇ ಅವನ ಸಂತೋಷಕ್ಕೆ ಸಾಮಗ್ರಿ. ಈ ಕಾರಣದಿಂದಲೇ ಸ್ವಿಟ್ಜರ್ಲೆಂಡಿನ 2008ರ ಪ್ರಾಣಿರಕ್ಷಣೆಯ ವಿಧಿಯು ಬಿಡಬೇಕೆಂಬ ಉದ್ದೇಶದಿಂದ ಮೀನು ಹಿಡಿಯುವುದನ್ನು ನಿಷೇಧಿಸಿತು. ಒಂದು ದೇಶದಲ್ಲಿ ಪುಣ್ಯವೆನಿಸುವುದು ಮತ್ತೊಂದು ದೇಶದಲ್ಲಿ ಅಪರಾಧವಾಗಿರುವುದನ್ನು ವಾಚಕರು ಗಮನಿಸಬೇಕು.

ಮೀನಿಗೆ ನೋವೆಂಬುದು ಉಂಟೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. 2003ರಲ್ಲಿ ಲಿನ್ ಸ್ನೆಡನ್ ಎಂಬ ವಿದುಷಿಯೂ ಅವರ ಸಂಗಡಿಗರೂ ಟ್ರೌಟ್ ಮೀನಿನ ಮುಖದಲ್ಲಿ ಅಪಾಯವನ್ನರಿಯುವ ನರಗಳಿರುವುದನ್ನು ತೋರಿಸಿದರು. ತುಟಿಗೆ ಆಮ್ಲವನ್ನು ಚುಚ್ಚಿದಾಗ ಆ ಮೀನುಗಳು ತುಟಿಯನ್ನು ತಳದ ಕಲ್ಲುಹರಳಿಗೆ ಉಜ್ಜಿಕೊಂಡುವೆಂದೂ ಬಹಳ ಹೊತ್ತು ಆಹಾರವನ್ನು ಮುಟ್ಟಲಿಲ್ಲವೆಂದೂ ಅವರು ವರದಿಮಾಡಿದರು. ಇದಕ್ಕೆ ಪ್ರತಿಯಾಗಿ ಬೇರೆ ಕೆಲವು ವಿಜ್ಞಾನಿಗಳು, ಮನುಷ್ಯನಲ್ಲಿ ನೋವಿನ ಅರಿವಿಗೆ ಆಶ್ರಯವಾದ ಮೆದುಳಿನ ಹೊರಪದರವು ಮೀನಿಗಿಲ್ಲ. ನರಗಳು ಮಿಡಿಯುವುದು ಬೇರೆ, ನೋವನ್ನು ಅನುಭವಿಸುವುದು ಬೇರೆ ಎನ್ನುತ್ತಾರೆ. ಈ ವಿವಾದವು ಇನ್ನೂ ತೀರಿಲ್ಲ. ತೀರದಿರುವಾಗ ಧರ್ಮಜ್ಞನು ಮಾಡಬೇಕಾದುದೇನು? ಸಂಶಯದ ಭಾರವನ್ನು ಯಾರು ಹೊರಬೇಕೆಂದು ಕೇಳಬೇಕು. ನೋವಿಲ್ಲವೆಂದು ನಂಬಿ ಹಿಡಿದು, ನೋವಿರುವುದೇ ನಿಜವಾದರೆ, ಕಷ್ಟವೆಲ್ಲ ಮೀನಿನದು. ನೋವುಂಟೆಂದು ನಂಬಿ ಕೈತಡೆದು, ನೋವಿಲ್ಲದಿರುವುದೇ ನಿಜವಾದರೆ, ಆಟಗಾರನು ಕಳೆದುಕೊಂಡುದು ಒಂದು ಹೊತ್ತಿನ ವಿನೋದ ಮಾತ್ರ. ಕಡಿಮೆ ಕಳೆದುಕೊಳ್ಳತಕ್ಕವನೇ ಸಂಶಯದ ಭಾರವನ್ನು ಹೊರುವುದು ನ್ಯಾಯ. ಆದುದರಿಂದ ನೋವುಂಟೆಂದು ಇಟ್ಟುಕೊಂಡೇ ಮುಂದಿನ ವಿಚಾರ ನಡೆಯಬೇಕು.

ಶಾಸ್ತ್ರಗಳು ಈ ವಿಷಯದಲ್ಲಿ ಏನು ಹೇಳುತ್ತವೆ? ಮನುಸ್ಮೃತಿಯಲ್ಲಿ ರಾಜನಿಗೆ ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಮೊದಲು ಹೆಸರಿಸಿರುವುದು ಬೇಟೆಯನ್ನು. ಮದ್ಯಪಾನ, ಜೂಜು ಮುಂತಾದವುಗಳೊಡನೆ ಅದನ್ನು ಅತಿಕಷ್ಟವಾದ ನಾಲ್ಕರಲ್ಲಿಯೂ ಸೇರಿಸಿದೆ. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯು ಬೇಟೆಯ ಪರವಾಗಿ ಮಾತನಾಡುತ್ತಾನೆ: ಮೈ ಹಗುರವಾಗುತ್ತದೆ, ಚಲಿಸುವ ಗುರಿಯಲ್ಲಿ ಕೈ ಪಳಗುತ್ತದೆ, ಇದನ್ನು ವ್ಯಸನವೆನ್ನುವುದು ಸುಳ್ಳು ಎಂಬುದು ಅವನ ವಾದದ ಸಾರ. ಗರಿಗಾಳದ ಪ್ರಶಂಸಕರು ಇಂದು ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ಆದರೆ ಕವಿಯು ಅಲ್ಲಿ ಒಂದು ಸೂಕ್ಷ್ಮವನ್ನಿಟ್ಟಿದ್ದಾನೆ. ಆ ಸೇನಾಪತಿಯು ಪ್ರಭುವಿನ ಮನಸ್ಸನ್ನು ಅನುಸರಿಸಿ ಹಾಗೆ ಮಾತನಾಡುವೆನೆಂದು ವಿದೂಷಕನ ಕಿವಿಯಲ್ಲಿ ಮೊದಲೇ ಹೇಳಿರುತ್ತಾನೆ. ಅದೇ ನಾಟಕದ ಆರನೆಯ ಅಂಕದಲ್ಲಿ ಬರುವ ಬಡ ಬೆಸ್ತನಾದರೋ ತನ್ನ ವೃತ್ತಿಯನ್ನು ಹಳಿದ ಕಾವಲುಗಾರರಿಗೆ ಯಾರನ್ನೂ ಮೆಚ್ಚಿಸುವುದಕ್ಕಲ್ಲದೆ ನೇರವಾಗಿ ಉತ್ತರ ಕೊಡುತ್ತಾನೆ. ವಿನೋದದ ಹಿಂಸೆಗೆ ಸಮರ್ಥನೆಯು ಮುಖಸ್ತುತಿಯಿಂದ ಬರುತ್ತದೆ, ಬದುಕಿನ ಹಿಂಸೆಗೆ ಬದುಕಿನಿಂದಲೇ ಬರುತ್ತದೆ. ಈ ಅಂತರವು ಮನನಮಾಡತಕ್ಕದ್ದು.

ಇದಕ್ಕಿಂತಲೂ ಸ್ಪಷ್ಟವಾದ ಬೆಳಕು ಯೋಗಸೂತ್ರಗಳ ವ್ಯಾಸಭಾಷ್ಯದಲ್ಲಿ ದೊರೆಯುತ್ತದೆ. ಅಹಿಂಸೆಯು ಜಾತಿ, ದೇಶ, ಕಾಲ, ಸಮಯ ಎಂಬ ನಾಲ್ಕು ಬೇಲಿಗಳೊಳಗೆ ನಿಂತಿರಬಹುದು; ಬೇಲಿಗಳಿಲ್ಲದೆ ಎಲ್ಲೆಲ್ಲಿಯೂ ಹರಡಿದಾಗ ಅದು ಮಹಾವ್ರತವಾಗುತ್ತದೆ. ಇದಕ್ಕೆ ಭಾಷ್ಯಕಾರನು ಕೊಡುವ ಮೊದಲನೆಯ ಉದಾಹರಣೆಯೇ ಬೆಸ್ತನದು: ಅವನು ಮೀನನ್ನು ಮಾತ್ರ ಕೊಲ್ಲುತ್ತಾನೆ, ಬೇರಾವುದನ್ನೂ ಕೊಲ್ಲುವುದಿಲ್ಲ, ಇದು ಜಾತಿಯ ಮಿತಿ. ತೀರ್ಥಕ್ಷೇತ್ರದಲ್ಲಿ ಕೊಲ್ಲೆನೆನ್ನುವುದು ದೇಶದ ಮಿತಿ. ಚತುರ್ದಶಿಯಂದು ಕೊಲ್ಲೆನೆನ್ನುವುದು ಕಾಲದ ಮಿತಿ. ಈ ಮಿತವಾದ ಅಹಿಂಸೆಯನ್ನು ಭಾಷ್ಯಕಾರನು ಹಳಿಯುವುದಿಲ್ಲ. ಅದು ಪೂರ್ಣವಲ್ಲವೆನ್ನುತ್ತಾನೆ, ಅಷ್ಟೆ. ಈಗ ಬಾಹಾ ತೀರದ ನಿಯಮಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಹುಂಜಮೀನನ್ನೂ ಮಾರ್ಲಿನ್ನನ್ನೂ ವ್ಯಾಪಾರಕ್ಕೆ ಹಿಡಿಯಕೂಡದೆಂಬುದು ಜಾತಿಯ ಮಿತಿ. ಇಂತಹ ಕೊಲ್ಲಿಯಲ್ಲಿ ಗಾಳ ಹಾಕಕೂಡದೆಂಬುದು ದೇಶದ ಮಿತಿ. ನೀರು ಅತಿಯಾಗಿ ಕಾದಿರುವ ತಿಂಗಳುಗಳಲ್ಲಿ ಕೈ ಬಿಗಿಹಿಡಿಯಬೇಕೆಂಬ ವಿವೇಕ ಕಾಲದ ಮಿತಿ. ಭಾಷಾಂತರಗಳೂ ದೇಶಾಂತರಗಳೂ ಇದ್ದರೂ ಮನುಷ್ಯನ ಮನಸ್ಸು ಹಿಂಸೆಯನ್ನು ಕಡಿಮೆಮಾಡಲು ಹೊರಟಾಗ ಹಿಡಿಯುವ ದಾರಿ ಒಂದೇ ಆಗಿದೆ.

ಮುಂದೆ ಅದೇ ಭಾಷ್ಯವು ಹಿಂಸೆಯನ್ನು ತಾನು ಮಾಡಿದುದು, ಇತರರಿಂದ ಮಾಡಿಸಿದುದು, ಇತರರು ಮಾಡಿದುದನ್ನು ಅನುಮೋದಿಸಿದುದು ಎಂದು ಮೂರು ಬಗೆಯಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಲೋಭ, ಕ್ರೋಧ, ಮೋಹಗಳೆಂಬ ಮೂರು ಮೂಲಗಳನ್ನು ಹೇಳುತ್ತದೆ. ಮಾಂಸಕ್ಕೂ ತೊಗಲಿಗೂ ಆಸೆಪಟ್ಟು ಮಾಡುವುದು ಲೋಭಮೂಲ. ಅಪಕಾರಕ್ಕೆ ಪ್ರತಿಯಾಗಿ ಮಾಡುವುದು ಕ್ರೋಧಮೂಲ. ಆಟಗಾರನಿಗೆ ಇವೆರಡೂ ಇಲ್ಲ. ಮೋಹವೆಂದರೇನು? ಇದರಿಂದ ನನಗೆ ಧರ್ಮವುಂಟಾಗುವುದೆಂದು ತಿಳಿದು ಮಾಡುವ ಹಿಂಸೆಯೇ ಮೋಹಮೂಲವೆಂದು ಭಾಷ್ಯಕಾರನ ವಿವರಣೆ. ಹಿಡಿದು ಬಿಡುವವನು ಎಚ್ಚರಗೊಳ್ಳಬೇಕಾದುದು ಇಲ್ಲಿಯೇ. ವಿನೋದಕ್ಕಾಗಿ ಮಾಡಿದೆನೆಂದು ಒಪ್ಪಿಕೊಂಡರೆ ಅವನ ದೋಷವು ದೋಷವಾಗಿಯೇ ಕಣ್ಣಿಗೆ ಕಾಣುತ್ತಿರುತ್ತದೆ. ಕಾಣುತ್ತಿರುವ ದೋಷವನ್ನು ತಗ್ಗಿಸುವುದು ಸಾಧ್ಯ. ಬಿಟ್ಟುದರಿಂದ ನಾನು ದಯಾಳುವಾದೆನೆಂದು ನಂಬಿದರೆ, ದೋಷವೇ ಪುಣ್ಯದ ಬಣ್ಣವನ್ನು ತಾಳಿ, ಎಷ್ಟು ಹೆಚ್ಚು ಹಿಡಿದು ಬಿಟ್ಟರೆ ಅಷ್ಟು ಹೆಚ್ಚು ದಯೆಯೆಂಬ ವಿಪರೀತಕ್ಕೆ ಒಯ್ಯುತ್ತದೆ. ದಾರಿಹೋಕನ ಗಂಟನ್ನು ಕಿತ್ತುಕೊಂಡು, ಸ್ವಲ್ಪ ಹೊತ್ತು ಆಡಿಸಿ, ಹಿಂದಕ್ಕೆ ಕೊಟ್ಟವನನ್ನು ಯಾರೂ ದಾನಿಯೆನ್ನುವುದಿಲ್ಲ. ಕೊಟ್ಟುದು ಕೊಡದಿರುವುದಕ್ಕಿಂತ ಒಳ್ಳೆಯದೆಂಬುದು ನಿಜ. ಆದರೆ ಕೊಟ್ಟ ವಸ್ತು ಅವನದಾಗಿರಲಿಲ್ಲವೆಂಬುದೂ ನಿಜ.

ಹಾಗಾದರೆ ಮೊದಲ ಪಕ್ಷದವರು ಹೇಳಿದ ಉಪಕಾರಗಳ ಗತಿಯೇನು? ಅವು ಸುಳ್ಳಲ್ಲ. ಶಾಸನದಿಂದ ಮೀನು ಉಳಿದುದು ನಿಜ. ದೋಣಿಯವನ ಮನೆಯಲ್ಲಿ ಒಲೆ ಉರಿಯುವುದು ನಿಜ. ಆದರೆ ಆ ಫಲಗಳು ಶಾಸನದ ಗುಣದಿಂದಲೂ ಸಂದಾಯವಾದ ಹಣದ ಗುಣದಿಂದಲೂ ಬಂದುವೇ ಹೊರತು ಕೊಕ್ಕೆಯ ಗುಣದಿಂದ ಬಂದುವಲ್ಲ. ಈ ವಿವೇಕಕ್ಕೆ ಪ್ರಮಾಣವು ಅದೇ ತೀರದಲ್ಲಿದೆ. ಪರ್ಯಾಯದ್ವೀಪದ ಪೂರ್ವದ ಅಂಚಿನಲ್ಲಿರುವ ಕಾಬೊ ಪುಲ್ಮೊ ಎಂಬ ಪುಟ್ಟ ಹಳ್ಳಿಯ ಸಂಸಾರಗಳು ಮೀನು ಹಿಡಿದೇ ಬದುಕಿದ್ದವು. ಅಲ್ಲಿಯ ಹವಳದ ದಿಬ್ಬದ ಮೇಲೆ ಮೀನು ವರ್ಷದಿಂದ ವರ್ಷಕ್ಕೆ ಕಡಿಮೆಯಾದುದನ್ನು ಕಂಡು, ಅವರೇ ಮುಂದೆ ಬಂದು ರಕ್ಷಣೆಯನ್ನು ಕೇಳಿದರು. 1995ರಲ್ಲಿ ಆ ಕಡಲು ರಾಷ್ಟ್ರೀಯ ಉದ್ಯಾನವಾಯಿತು. ಶಾಸನವು ನಿಷೇಧಿಸಿದುದು ಅದರ ಒಂದು ಭಾಗದಲ್ಲಿ ಮಾತ್ರವಾದರೂ, ಹಳ್ಳಿಯವರು ಒಟ್ಟಿನಲ್ಲಿ ಎಲ್ಲಿಯೂ ಹಿಡಿಯದಿರುವ ಕಟ್ಟನ್ನು ತಮಗೆ ತಾವೇ ಹಾಕಿಕೊಂಡರು. 1999ರಿಂದ 2009ರವರೆಗಿನ ಹತ್ತು ವರ್ಷಗಳಲ್ಲಿ ಅಲ್ಲಿಯ ಮೀನುಗಳ ಒಟ್ಟು ತೂಕ ಶೇಕಡ 463ರಷ್ಟು ಹೆಚ್ಚಿತೆಂದು 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಈಗ ಜನರು ಅಲ್ಲಿಗೆ ನೀರಿನೊಳಗಿಳಿದು ಮೀನನ್ನು ನೋಡುವುದಕ್ಕೆಂದೇ ಬರುತ್ತಾರೆ. ಹಳ್ಳಿಯವರು ಅವರನ್ನು ಕರೆದೊಯ್ದು ಜೀವಿಸುತ್ತಾರೆ. ಮೀನೂ ಉಳಿಯಿತು, ಒಲೆಯೂ ಉರಿಯಿತು. ನಡುವೆ ಕೊಕ್ಕೆ ಬೇಕಾಗಲಿಲ್ಲ. ಆದರೆ ಎಲ್ಲ ತೀರಗಳಲ್ಲಿಯೂ ಹವಳದ ದಿಬ್ಬಗಳಿಲ್ಲ, ನೋಡಲು ಬರುವ ಜನರೂ ಇಲ್ಲ. ಬರಿಯ ಮರಳಿನ ದಡದಲ್ಲಿ ದೋಣಿಯನ್ನು ನಂಬಿರುವ ಬಡವನಿಗೆ, ಆಟಗಾರರು ಬಾರದಿದ್ದರೆ ಉಳಿಯುವುದು ಬಲೆಯೊಂದೇ. ಆದಕಾರಣ ಆಟವನ್ನು ಸರ್ವಥಾ ನಿಲ್ಲಿಸೆಂದು ದೂರದಲ್ಲಿ ಕುಳಿತು ಹೇಳುವುದು ಸುಲಭ. ಅದರ ಬೆಲೆಯನ್ನು ತೆರತಕ್ಕವನು ಹೇಳುವವನಲ್ಲ.

ಹೀಗಿರುವಲ್ಲಿ, ಆಟವನ್ನು ಬಿಡಲಾರದವನ ಧರ್ಮವೇನು? ಅದಕ್ಕೆ ಉತ್ತರವು ಅವನ ವಿದ್ಯೆಯಲ್ಲಿಯೇ ಅಡಗಿದೆ. ಗಾಳಿ, ಶಾಖ, ಬೆಳಕು, ಭರತಗಳನ್ನು ಓದಿ ಮೀನು ಯಾವಾಗ ಸಿಕ್ಕುವುದೆಂದು ತಿಳಿಯಬಲ್ಲವನಿಗೆ, ಅವುಗಳನ್ನೇ ಓದಿ ಮೀನು ಯಾವಾಗ ಬದುಕಲಾರದೆಂದು ತಿಳಿಯುವುದೂ ಶಕ್ಯವೇ. ಹೋರಾಡುವ ಮೀನಿನ ಸ್ನಾಯುಗಳಲ್ಲಿ ಆಮ್ಲವು ಶೇಖರವಾಗುತ್ತದೆ. ಅದು ಕಳೆಯಲು ಪ್ರಾಣವಾಯು ಬೇಕು. 20 ಡಿಗ್ರಿ ಶಾಖದ ಕಡಲನೀರು ಒಂದು ಲೀಟರಿನಲ್ಲಿ ಸುಮಾರು 7.4 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಟ್ಟುಕೊಳ್ಳಬಲ್ಲುದು. 30 ಡಿಗ್ರಿಯಾದಾಗ ಅದು ಸುಮಾರು 6.2 ಮಿಲಿಗ್ರಾಮಿಗೆ ಇಳಿಯುತ್ತದೆ. ಎಂದರೆ, ಮೀನಿಗೆ ಉಸಿರು ಹೆಚ್ಚು ಬೇಕಾದ ಕಾಲದಲ್ಲಿಯೇ ನೀರಿನಲ್ಲಿ ಉಸಿರು ಕಡಿಮೆ. ನೀರಿನಿಂದ ಮೇಲೆತ್ತಿದರಂತೂ ಕಿವಿರಿನ ತೆಳುಪದರಗಳು ಒಂದಕ್ಕೊಂದು ಅಂಟಿಕೊಂಡು ಉಸಿರು ನಿಂತೇಹೋಗುತ್ತದೆ. 1992ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದಣಿಸಿ ನೀರಿನಲ್ಲಿಯೇ ಉಳಿಸಿದ ಟ್ರೌಟ್ ಮೀನುಗಳಲ್ಲಿ ಶೇಕಡ 88 ಬದುಕಿದುವು; ದಣಿಸಿ 30 ಸೆಕೆಂಡು ಗಾಳಿಯಲ್ಲಿಟ್ಟವುಗಳಲ್ಲಿ ಶೇಕಡ 62; 60 ಸೆಕೆಂಡು ಇಟ್ಟವುಗಳಲ್ಲಿ ಶೇಕಡ 28 ಮಾತ್ರ. ಅದು ಸಿಹಿನೀರಿನ ಮೀನು, ಹುಂಜಮೀನಿಗೆ ಅದೇ ಲೆಕ್ಕ ಹತ್ತಬೇಕೆಂದಿಲ್ಲ. ಆದರೂ ಒಂದು ಛಾಯಾಚಿತ್ರವನ್ನು ತೆಗೆಸಿಕೊಳ್ಳುವಷ್ಟು ಹೊತ್ತಿನಲ್ಲಿ ಜೀವ ಮರಣಗಳು ನಿರ್ಣಯವಾಗಬಹುದೆಂಬುದು ಇದರಿಂದ ತಿಳಿಯುತ್ತದೆ. ಬಿಟ್ಟ ಮೀನು ಬಾಲವನ್ನಾಡಿಸಿ ಮರೆಯಾದುದನ್ನು ಕಂಡು ಆಟಗಾರನು ತೃಪ್ತನಾಗುತ್ತಾನೆ; ಅದು ಅಲ್ಲಿಂದಾಚೆ ದಣಿದು ತಳಸೇರಿತೋ, ಹೊಂಚುಹಾಕುತ್ತಿದ್ದ ಶಾರ್ಕಿನ ಬಾಯಿಗೆ ಬಿತ್ತೋ ಅವನು ಕಾಣುವುದಿಲ್ಲ. ಕಣ್ಣಿಗೆ ಮರೆಯಾದುದು ಕರ್ಮಕ್ಕೆ ಮರೆಯಾದುದಲ್ಲ.

ಆದುದರಿಂದ ಗಟ್ಟಿಯಾದ ದಾರವನ್ನು ಹಿಡಿದು ಹೋರಾಟವನ್ನು ಬೇಗ ಮುಗಿಸುವುದು, ಹಿಮ್ಮುಳ್ಳಿಲ್ಲದ ಕೊಕ್ಕೆಯನ್ನು ಬಳಸುವುದು, ಮೀನನ್ನು ನೀರಿನಿಂದ ಎತ್ತದೆಯೇ ಬಿಡಿಸುವುದು, ನೀರು ಅತಿಯಾಗಿ ಕಾದಿರುವ ದಿನ ದಡದಲ್ಲಿ ಕುಳಿತು ಕಡಲನ್ನು ನೋಡಿ ಹಿಂದಿರುಗುವುದು, ಎಣಿಕೆಯ ಹೆಮ್ಮೆಯನ್ನು ಬಿಡುವುದು ಇವು ಆಟದ ಮರ್ಯಾದೆಗಳಷ್ಟೇ ಅಲ್ಲ, ಆಟಗಾರನ ಮೇಲಿನ ಋಣ. ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಡೊರಾಡೊ ಬಹು ಬೇಗ ಬೆಳೆದು ಬೇಗ ಸಂತತಿಯನ್ನು ಕಾಣುವ ಅಲ್ಪಾಯುವಾದ ಮೀನು. ಅಂತಹ ಒಂದನ್ನು ಹಿಡಿದು ಮನೆಮಂದಿಯೊಡನೆ ಉಂಡು ಅಲ್ಲಿಗೆ ನಿಲ್ಲಿಸಿದವನ ಹಿಂಸೆಯು, ಸುಡುವ ನೀರಿನಲ್ಲಿ ಹತ್ತು ಹುಂಜಮೀನುಗಳನ್ನು ದಣಿಸಿ ದಣಿಸಿ ಬಿಟ್ಟವನ ಹಿಂಸೆಗಿಂತ ಕಡಿಮೆಯಿರಬಹುದು. ಕೊಂದನೆ ಬಿಟ್ಟನೆ ಎಂಬುದೊಂದರಿಂದಲೇ ಕರ್ಮದ ತೂಕವನ್ನು ಹೇಳಲಾಗುವುದಿಲ್ಲ.

ಇನ್ನು ನಿಜವಾದ ದಯೆಯ ಸ್ವರೂಪವೇನು? ಮಹಾಭಾರತದ ಅನುಶಾಸನಪರ್ವದಲ್ಲಿ ಭೀಷ್ಮನು ಯುಧಿಷ್ಠಿರನಿಗೆ ಹೇಳುವ ಒಂದು ಕಥೆಯುಂಟು. ಚ್ಯವನ ಮಹರ್ಷಿಯು ಗಂಗಾಯಮುನೆಗಳ ಸಂಗಮದಲ್ಲಿ ನೀರಿನೊಳಗೆ ಹನ್ನೆರಡು ವರ್ಷಗಳ ವ್ರತವನ್ನು ಹಿಡಿದು ಮರದ ಕೊರಡಿನಂತೆ ನಿಶ್ಚಲನಾಗಿದ್ದನು. ಮೀನುಗಳು ಭಯವನ್ನು ಬಿಟ್ಟು ಅವನ ಸುತ್ತ ಸುಳಿದಾಡುತ್ತಿದ್ದವು. ಒಂದು ದಿನ ಬೆಸ್ತರು ಬಲೆಬೀಸಿ ಎಳೆದಾಗ ಮೀನುಗಳೊಡನೆ ಪಾಚಿಗಟ್ಟಿದ ಮುನಿಯೂ ಮೇಲೆ ಬಂದನು. ಬೆಸ್ತರು ನಡುಗಿ ಅಡ್ಡಬಿದ್ದರು. ದಡದಲ್ಲಿ ಒದ್ದಾಡಿ ಸಾಯುತ್ತಿದ್ದ ಮೀನುಗಳನ್ನು ನೋಡಿ ಮುನಿಯು ನಿಟ್ಟುಸಿರುಬಿಟ್ಟು, ಇವುಗಳೊಡನೆ ಬಾಳಿದೆನು, ಇವುಗಳನ್ನು ಬಿಟ್ಟು ಹೋಗಲಾರೆನು. ಸತ್ತರೆ ಇವುಗಳೊಡನೆಯೇ, ಮಾರಾಟವಾದರೂ ಇವುಗಳೊಡನೆಯೇ ಎಂಬ ನಿಶ್ಚಯವನ್ನು ತಿಳಿಸಿದನು. ನಹುಷರಾಜನು ಬಂದು ಕೋಟಿ ಹೊನ್ನನ್ನೂ ರಾಜ್ಯವನ್ನೂ ಬೆಲೆಯಾಗಿ ಕೊಡುವೆನೆಂದರೂ ಸರಿಹೋಗದೆ, ಕೊನೆಗೆ ಒಂದು ಗೋವಿನಿಂದ ಬೆಲೆ ತೀರಿತು. ಇದರಲ್ಲಿ ಗಮನಿಸತಕ್ಕ ಎರಡು ಅಂಶಗಳಿವೆ. ಮುನಿಯು ಬೆಸ್ತರನ್ನು ಶಪಿಸಲಿಲ್ಲ. ಅವರ ಬಡತನದ ವೃತ್ತಿಯನ್ನು ಹಳಿಯಲೂ ಇಲ್ಲ. ಕಥೆಯ ಕೊನೆಯಲ್ಲಿ ಬೆಸ್ತರೂ ಮೀನುಗಳೂ ಒಟ್ಟಿಗೇ ಸದ್ಗತಿಯನ್ನು ಪಡೆಯುತ್ತಾರೆ. ಎರಡನೆಯದು, ಅವನ ದಯೆಗೆ ಮೂಲವಾದುದು ಉಪದೇಶವಲ್ಲ, ಸಹವಾಸ. ಮೀನಿನ ನೀರಿನಲ್ಲಿ ಮೀನಿನಂತೆ ಇದ್ದವನಿಗೆ ಅದರ ಉಸಿರು ತನ್ನ ಉಸಿರಾಯಿತು.

ಗರಿಗಾಳದ ಆಟಗಾರನೂ ವರ್ಷಗಟ್ಟಲೆ ಆ ಕಡಲಿನ ಸಹವಾಸವನ್ನು ಮಾಡುತ್ತಾನೆ. ಅದರ ಗಾಳಿಯ ಹೆಸರುಗಳನ್ನು, ನೀರಿನ ಬಣ್ಣಗಳನ್ನು, ಮೀನಿನ ಹಸಿವನ್ನೂ ಅಂಜಿಕೆಯನ್ನೂ ಅವನಷ್ಟು ಬಲ್ಲವರು ಕಡಿಮೆ. ಅಷ್ಟು ಸಹವಾಸವಿದ್ದೂ ದಯೆ ಹುಟ್ಟದಿದ್ದರೆ ಆ ವಿದ್ಯೆ ಬರಿಯ ಉಪಾಯವಾಗಿ ಉಳಿಯಿತೆಂದು ತಿಳಿಯಬೇಕು. ಹುಟ್ಟಿದರೆ, ಒಂದಲ್ಲ ಒಂದು ಬೆಳಿಗ್ಗೆ ಹುಂಜಮೀನಿನ ಜುಟ್ಟು ನೀರಿನಿಂದ ಎದ್ದುದನ್ನು ಕಂಡು ಅವನ ಕೈ ತಾನಾಗಿಯೇ ನಿಂತೀತು. ಶೃಂಗೇರಿಯ ತುಂಗಾನದಿಯ ಸೋಪಾನಗಳಲ್ಲಿ ಕುಳಿತು, ಕೈಯ ಪುರಿಯನ್ನು ನೀರಿಗೆ ಚೆಲ್ಲಿ, ಮೊಳದುದ್ದದ ಮೀನುಗಳು ಕಾಲಬಳಿಗೆ ಬಂದು ಮುಗಿಬೀಳುವುದನ್ನು ನೋಡುವ ಯಾತ್ರಿಕನ ಸಂತೋಷವು ಹಿಡಿಯುವವನ ಸಂತೋಷಕ್ಕಿಂತ ಕಡಿಮೆಯಾದುದೆಂದು ಹೇಳಲು ಯಾವ ಆಧಾರವೂ ಇಲ್ಲ. ಅಲ್ಲಿ ಮೀನಿಗೆ ಅಭಯವಿರುವುದು ದೇಶದ ಮಿತಿಯಿಂದಲೇ. ಆದರೂ ಒಂದು ಕಡೆ ಕಲಿತ ಅಭಯವನ್ನು ಮನಸ್ಸು ಮತ್ತೊಂದು ಕಡೆಗೆ ಒಯ್ಯಬಲ್ಲುದು.

ಒಟ್ಟಿನಲ್ಲಿ ಸಿದ್ಧಾಂತವಿಷ್ಟು. ಹಿಡಿದು ಬಿಡುವುದು ಕೊಂದು ಚೆಲ್ಲುವುದಕ್ಕಿಂತ ನಿಸ್ಸಂಶಯವಾಗಿ ಮೇಲು. ಹಸಿದು ಕೊಲ್ಲುವವನನ್ನು ಹೀನೈಸುವ ಅಧಿಕಾರವು ಅದರಿಂದ ಬರುವುದಿಲ್ಲ. ಅದು ಹಿಂಸೆಯ ಒಂದು ಮೃದುವಾದ ಪ್ರಕಾರ. ಮಿತಿಗಳನ್ನು ಬಿಗಿಮಾಡಿದಷ್ಟೂ ಇನ್ನೂ ಮೃದುವಾಗುತ್ತದೆ, ಪುಣ್ಯವೆಂದು ಎಣಿಸಿದಷ್ಟೂ ಕಠಿನವಾಗುತ್ತದೆ. ಬಿಡುವ ಕೈಯನ್ನು ದಯೆಯೆಂದು ಕರೆಯುವುದಕ್ಕಿಂತ ಮಾಡಿದುದಕ್ಕೆ ಪರಿಹಾರವೆಂದು ಕರೆಯುವುದು ಸತ್ಯಕ್ಕೆ ಹತ್ತಿರ. ದಯೆಗೆ ಅವಕಾಶವಿರುವುದು ಅದಕ್ಕೂ ಮುಂಚೆ, ದಾರವು ಇನ್ನೂ ಕೈಯಲ್ಲಿರುವಾಗ, ಇಂದಿನ ನೀರಿನ ಶಾಖವೆಷ್ಟೆಂದು ವಿಚಾರಿಸುವ ಹೊತ್ತಿನಲ್ಲಿ.